ಇನ್ನೂರ ಹದಿಮೂರನೇ ಸಾಲು

ನಮ್ಮ ಥೋರ್ಸ್‌ವಿಕ್ ಊರಿನ ಇತಿಹಾಸ ಸಂಘಕ್ಕೆ ಸೇರುವ ಹೊಸಬರಿಗೆಲ್ಲ ನಾನು ಹೇಳುವ ಮೊದಲ ಮಾತು ಒಂದೇ: ಮೂಲ ನೋಡದೆ ಯಾವುದನ್ನೂ ನಂಬಬೇಡಿ. ಸಮಾಧಿಯ ಕಲ್ಲೂ ಸುಳ್ಳು ಹೇಳುತ್ತದೆ, ಮುದುಕರಂತೂ ಕೇಳುವುದೇ ಬೇಡ. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ನೆಟ್ಟಗೆ ಹೋಗಿ ನಾನು ಟೈಪ್ ಮಾಡಿದ ಪುಸ್ತಕವನ್ನು ನಂಬುತ್ತಾರೆ.

ಅದು ಚರ್ಚಿನ ದೀಕ್ಷಾಸ್ನಾನದ ದಾಖಲೆಗಳ ಪ್ರತಿ. 1971ರಲ್ಲಿ, ನನಗೆ ಇಪ್ಪತ್ತಮೂರಾಗಿದ್ದಾಗ, ಪಾದ್ರಿಗಳು ಪೆಟ್ಟಿಗೆಯಿಂದ ಹಳೆಯ ಪುಸ್ತಕಗಳನ್ನು ತೆಗೆದು ಕೊಟ್ಟರು. ಚಳಿಗಾಲವಿಡೀ ಕೂತು ಟೈಪ್ ಮಾಡಿದೆ. ಮೂಲ ಪುಸ್ತಕಗಳು ಈಗ ಜಿಲ್ಲಾ ದಾಖಲೆ ಕಚೇರಿಯಲ್ಲಿವೆ, ಹೋಗಲು ಎರಡು ಬಸ್ಸು ಬದಲಾಯಿಸಬೇಕು. "ಡೋರೀನ್ ಟೈಪ್ ಮಾಡಿದ್ದಾಳೆ ಅಂದ್ಮೇಲೆ ಮುಗೀತು" ಅನ್ನುತ್ತಾರೆ ಜನ. ಐವತ್ತು ವರ್ಷ ಈ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ಕೇಳಿಸಿಕೊಂಡಿದ್ದೇನೆ.

ಹಾಗೆ ನಂಬಿದವರಲ್ಲಿ ಮೊದಲಿಗರು ಪಕ್ಕದೂರಿನ ವಿಲ್ಫ್ ಪಾಸ್ಕ್. ಎಂಬತ್ತೈದು ವರ್ಷ, ಜೀವಮಾನವೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಅವರ ತಂದೆ ಆರ್ಥರ್ ಕೆಲವೇ ವಾರಗಳ ಕೂಸಾಗಿದ್ದಾಗ ಪಾಸ್ಕ್ ದಂಪತಿ ಸಾಕಿಕೊಳ್ಳಲು ತಂದಿದ್ದರು. ತಂದದ್ದು ಥೋರ್ಸ್‌ವಿಕ್ಕಿನಿಂದ, 1904ರ ಮೇ ತಿಂಗಳಲ್ಲಿ ಎಂಬುದಷ್ಟೇ ಗೊತ್ತು. ಹೆತ್ತವಳ ಹೆಸರನ್ನು ಯಾರೂ ಹೇಳಲಿಲ್ಲ. ಆರ್ಥರ್ ಅದನ್ನು ತಿಳಿಯದೆಯೇ ಸತ್ತರು. ಮಗ ಹದಿನೈದು ವರ್ಷದಿಂದ ಪ್ರತಿ ಗುರುವಾರ ನಮ್ಮ ಸಂಘಕ್ಕೆ ಬಂದು ಹುಡುಕುತ್ತಿದ್ದರು. "ಆ ಹೆಸರು ಸಿಗೋ ತನಕ ಸಾಯೋಕೆ ನನಗೆ ಪುರುಸೊತ್ತಿಲ್ಲ" ಅನ್ನುತ್ತಿದ್ದರು.

ಆ ಹೆಸರು ನನಗೆ ಗೊತ್ತಿತ್ತು. ಅವರು ಹುಡುಕುತ್ತಿರುವುದು ಅದನ್ನೇ ಎಂದು ಬಂದ ಮೊದಲ ದಿನವೇ ತಿಳಿಯಿತು. ಆಕೆ ಈಡಿತ್ ಲೆಗಟ್, ನಮ್ಮಪ್ಪನ ತಾಯಿ, ನನ್ನ ಅಜ್ಜಿ. ಮದುವೆಗೆ ಆರು ವರ್ಷ ಮೊದಲು ಹೆತ್ತ ಕೂಸಿನ ಸಾಲು ಟೈಪ್ ಮಾಡುವಾಗ ಎದುರಾಯಿತು: ಆರ್ಥರ್, ತಾಯಿ ಈಡಿತ್, ಅವಿವಾಹಿತೆ, ಮನೆಗೆಲಸದವಳು, ತಂದೆಯ ಜಾಗದಲ್ಲಿ ಬರೀ ಗೆರೆ. ನಾನು ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಆಗ ಮಾಡಿದ್ದು ಹುಡುಗಿಯ ಪೆದ್ದುತನ ಅನ್ನಬಹುದು. ಈ ಹದಿನೈದು ವರ್ಷ ವಿಲ್ಫ್‌ಗೆ ಟೀ ಸುರಿದು ಕೊಡುತ್ತ ಬಾಯಿ ಮುಚ್ಚಿಕೊಂಡಿದ್ದಕ್ಕೆ ಏನೆನ್ನುವುದು?

ಕಳೆದ ಗುರುವಾರ ಚರ್ಚಿನ ಪಕ್ಕದ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ವಿಲ್ಫ್ ಭೂತಗನ್ನಡಿ ಹಿಡಿದು ನನ್ನ ಪುಸ್ತಕದ ಮೇಲೆ ಬಗ್ಗಿದ್ದರು.

"ಏ ಡೋರೀನ್, ಬಾ ಇಲ್ಲಿ. ಸಿಕ್ಕಿಬಿದ್ದೆ ನೀನು!"

ಟೀ ಕಪ್ಪನ್ನು ಮೇಜಿನ ಮೇಲಿಟ್ಟು ಹತ್ತಿರ ಹೋದೆ.

"ಇನ್ನೂರ ಹನ್ನೆರಡು ಆದ್ಮೇಲೆ ಇನ್ನೂರ ಹದಿನಾಲ್ಕು. ಹದಿಮೂರು ಎಲ್ಲಿ ಹೋಯ್ತಮ್ಮ? ನೀನೇ ನುಂಗಿದೆಯಾ?"

ಮೂಲ ಪುಸ್ತಕದಲ್ಲಿ ಪ್ರತಿ ಸಾಲಿಗೂ ಅಚ್ಚು ಹಾಕಿದ ಸಂಖ್ಯೆ ಇರುತ್ತದೆ. ಸಾಲನ್ನು ಬಿಟ್ಟ ಜಾಣೆ ಸಂಖ್ಯೆಗಳನ್ನು ಮಾತ್ರ ಇದ್ದ ಹಾಗೇ ಇಳಿಸಿದ್ದೆ.

"ಪಾದ್ರಿಗಳೇ ತಪ್ಪು ಮಾಡಿರಬೇಕು" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

"ಅಚ್ಚಾದ ಸಂಖ್ಯೆಯಲ್ಲಿ ಪಾದ್ರಿ ಏನು ತಪ್ಪು ಮಾಡ್ತಾರೆ? ನಿನ್ನ ಕಣ್ಣೇ ತಪ್ಪಿರಬೇಕು. ಬೇಜಾರು ಮಾಡ್ಕೋಬೇಡ ಕಣಮ್ಮ, ಯಾರಿಗೂ ಹೇಳಲ್ಲ. ಅದಕ್ಕೇ ಎಲ್ಲರೂ ಹೋಗ್ಲಿ ಅಂತ ಕಾದೆ. ಮಂಗಳವಾರ ನಾನೇ ಬಸ್ಸಿಗೆ ಹೋಗಿ ಮೂಲ ನೋಡ್ಕೊಂಡು ಬರ್ತೀನಿ."

ಮಂಡಿ ನೋವಿನ ಆ ಮನುಷ್ಯ ನನ್ನ ಮಾನ ಕಾಪಾಡಲು ಹೊರಟಿದ್ದರು. ನಾಚಿಕೆಯಿಂದ ನನಗೆ ಕಿವಿಯವರೆಗೂ ಬಿಸಿಯಾಯಿತು.

"ಎಲ್ಲಿಗೂ ಹೋಗಬೇಡಿ ವಿಲ್ಫ್" ಅಂದೆ. "ಅದು ಕಣ್ತಪ್ಪಿ ಬಿಟ್ಟಿದ್ದಲ್ಲ."

ಎಲ್ಲವನ್ನೂ ಹೇಳಿದೆ. ಅವರು ಮೊದಲು ಈಡಿತ್, ಈಡಿತ್ ಎಂದು ಎರಡು ಸಲ ಹೇಳಿ ನೋಡಿದರು. ಆಮೇಲೆ ಮುಖವೆಲ್ಲ ಅರಳಿತು.

"ಅಂದ್ರೆ ನೀನು ನನಗೆ ತಂಗಿ ಆಗ್ಬೇಕು! ಇಷ್ಟು ವರ್ಷ ತಂಗಿ ಕೈಲೇ ಬೈಸಿಕೊಂಡಿದ್ದೀನಾ!" ಎಂದು ನಕ್ಕವರು ಅರ್ಧಕ್ಕೇ ನಿಲ್ಲಿಸಿದರು. "ಇರು. ನೀನು ಟೈಪ್ ಮಾಡೋವಾಗ ಅವಳು ಬದುಕಿದ್ದಳಾ?"

"ಇದ್ದಳು. ಮರುವರ್ಷ ಹೋದಳು."

"ಅಪ್ಪ ಎಪ್ಪತ್ತೊಂಬತ್ತನೇ ಇಸವಿ ತನಕ ಇದ್ರು. ಮೂರೇ ಮೈಲಿ ಆಚೆ." ಆಮೇಲೆ ಕೇಳಿದರು: "ನೀನು ಬಿಟ್ಟಿದ್ದು ಅವಳಿಗೆ ಗೊತ್ತಿತ್ತಾ?"

ಗೊತ್ತಿತ್ತು. ಒಂದು ಸಂಜೆ ಅಜ್ಜಿ ತಾನಾಗಿಯೇ ಕೇಳಿದ್ದಳು, "ಒಂಬೈನೂರ ನಾಲ್ಕನೇ ಇಸವಿಗೆ ಬಂದೆಯೇನೇ ಮಗಳೇ?" "ಹೆದರಬೇಡಜ್ಜಿ, ಅದನ್ನ ಬಿಟ್ಟಿದ್ದೀನಿ, ಯಾರಿಗೂ ಕಾಣಲ್ಲ" ಎಂದೆ. "ಯಾರಿಗೂ ಕಾಣಲ್ವಾ?" ಅಂದಳು. ಅವಳ ಜೀವಕ್ಕೆ ನೆಮ್ಮದಿಯಾಯಿತೆಂದು ನಾನು ಬೀಗಿದ್ದೆ. ಇದನ್ನೂ ಹೇಳಿದೆ.

ವಿಲ್ಫ್ ಭೂತಗನ್ನಡಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

"ಈ ಪುಸ್ತಕನ ಮೊದಲ ಸಲ ಚರ್ಚಲ್ಲಿ ಎಲ್ಲರಿಗೂ ನೋಡೋಕೆ ಇಟ್ರಲ್ಲ, ಆವತ್ತು ಅಪ್ಪನ್ನ ನಾನೇ ವ್ಯಾನಲ್ಲಿ ಕರ್ಕೊಂಡು ಬಂದಿದ್ದೆ. ನಾನು ಹೊರಗೇ ಇದ್ದೆ. ಪುಸ್ತಕದ ಪಕ್ಕ ಹಸಿರು ಟೋಪಿ ಹಾಕ್ಕೊಂಡು ಒಬ್ಬ ಮುದುಕಿ ಕೂತಿತ್ತಂತೆ."

ನನ್ನ ಅಜ್ಜಿ. ಎಂಬತ್ತಾರರ ಮುದುಕಿ, ಆ ಕೊರೆಯುವ ಚಳಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಮೊಮ್ಮಗಳ ಕೆಲಸದ ಮೇಲಿನ ಹೆಮ್ಮೆ ಎಂದುಕೊಂಡಿದ್ದೆ.

"ಅಪ್ಪ 1904 ತೆಗೆದು ನೋಡಿದ್ರಂತೆ. 'ಸಿಕ್ಕಿತಾಪ್ಪ?' ಅಂತ ಕೇಳಿತಂತೆ ಮುದುಕಿ. 'ಇಲ್ಲ ತಾಯಿ, ನಾನು ಇದರಲ್ಲಿಲ್ಲ' ಅಂದ್ರಂತೆ. ಅದು ಅವರ ತೋಳು ಹಿಡ್ಕೊಂಡು 'ಇನ್ನೊಂದ್ಸಲ ನೋಡು, ಕೂತ್ಕೊಂಡು ನೋಡು' ಅಂತು. ಇಲ್ಲದ್ದನ್ನ ಎಷ್ಟು ಸಲ ನೋಡೋದು ಅಂತ ಅಪ್ಪ ಹೊರಟು ಬಂದ್ರು. ಬಿಡೋಕೇ ಮನಸ್ಸಿರಲಿಲ್ಲ ಅದಕ್ಕೆ, ಏನೋ ಹೇಳೋಕೆ ಬಾಯಿ ತೆಗೀತು, ಪಕ್ಕಕ್ಕೆ ಯಾರನ್ನೋ ನೋಡಿ ಸುಮ್ಮನಾಯ್ತು ಅಂತಿದ್ರು."

ಯಾರನ್ನು ಎಂದು ವಿಲ್ಫ್ ಕೇಳಲಿಲ್ಲ. ಅವಳ ಪಕ್ಕದ ಮೇಜಿನಲ್ಲಿ ನಿಂತು ಬಂದವರಿಗೆ ಕೇಕ್ ಕತ್ತರಿಸಿ ಕೊಡುತ್ತಿದ್ದವಳು ನಾನು.