ಮಾಸ್ಟರು ಸಡಿಲ ಮಾಡಿದ ಕಾಲುಚೀಲ

ಪ್ಯಾಂಟು ಹೊಲಿಯುವುದರಲ್ಲಿ ಮಾಸ್ಟರನ್ನು ಮೀರಿಸುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅನುಮಾನವಿದ್ದರೆ ಅವರನ್ನೇ ಕೇಳಬಹುದಿತ್ತು, ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಿದ್ದರು. ಮೂವತ್ತೈದು ವರ್ಷ ಕಟಿಂಗ್ ಟೇಬಲ್ಲಿನ ಮುಂದೆ ನಿಂತೇ ಕಳೆದ ಮನುಷ್ಯ. ಅದೇ ಟೇಬಲ್ಲಿನ ಆ ತುದಿಯಲ್ಲಿ ಅವರ ಹೆಂಡತಿ ಅಷ್ಟೇ ವರ್ಷ ನಿಂತು ಇಸ್ತ್ರಿ ಮಾಡುತ್ತಿದ್ದಳು. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅವನ ಸೊಂಟ ಎಷ್ಟು ಇಂಚು ಹೆಚ್ಚಿದೆ ಎಂದು ಮಾಸ್ಟರು ಹೇಳಿಬಿಡುತ್ತಿದ್ದರು. "ನನ್ನ ಕಣ್ಣಿಗೆ ಟೇಪು ಬೇಡ" ಎನ್ನುವುದು ಅವರ ದಿನನಿತ್ಯದ ಮಾತು.

ಅಂಥವರು ತಮ್ಮ ಕಾಲನ್ನು ಮಾತ್ರ ಆರು ವರ್ಷದಿಂದ ಹೆಂಡತಿಯನ್ನು ಬಿಟ್ಟರೆ ಬೇರೆ ಯಾರ ಕಣ್ಣಿಗೂ ಬೀಳಗೊಟ್ಟಿರಲಿಲ್ಲ. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ನೀಲಿ ಕೆಂಪು ಗೆರೆಗಳು ಎಲ್ಲೆಂದರಲ್ಲಿ ಹಬ್ಬಿಕೊಂಡಿದ್ದವು. ನೋವಿಲ್ಲ, ಊತವಿಲ್ಲ. ನೋಡಲು ಚೆನ್ನಾಗಿಲ್ಲ, ಅಷ್ಟೇ. ಆದರೆ ಒಂದು ಹೊಲಿಗೆ ವಾರೆಯಾದರೆ ಊಟ ಸೇರದ ಜೀವಕ್ಕೆ ಅಷ್ಟೇ ಎನ್ನುವುದು ಎಲ್ಲಿ ಬರುತ್ತದೆ? ಮನೆಯಲ್ಲೂ ಉದ್ದ ಪ್ಯಾಂಟು, ಸೆಖೆಯಲ್ಲೂ ಉದ್ದ ಪ್ಯಾಂಟು.

ಬಣ್ಣ ಬಯಲು ಮಾಡಿದ್ದು ಮೊಮ್ಮಗಳು ಪುಟ್ಟಿ. ಏಳು ವರ್ಷದ ಹುಡುಗಿ, ಈಜು ತರಗತಿಗೆ ಸೇರಿ ಎರಡು ತಿಂಗಳಾದರೂ ಕೊಳದ ಅಂಚಿನ ಕಂಬಿ ಬಿಟ್ಟಿರಲಿಲ್ಲ. ತರಗತಿಯ ಕೊನೆಯ ದಿನ ಪ್ರತಿ ಮಗುವೂ ಕೊಳದ ಈ ಬದಿಯಿಂದ ಆ ಬದಿಗೆ ಒಬ್ಬೊಬ್ಬರಾಗಿ ಈಜಬೇಕು. ಮನೆಯವರೊಬ್ಬರು ನೀರಿನಲ್ಲಿ ಜೊತೆಗಿರಬಹುದು. ಪುಟ್ಟಿಯ ಷರತ್ತು ಒಂದೇ: "ತಾತ ನೀರಲ್ಲಿದ್ರೆ ಕಂಬಿ ಬಿಡ್ತೀನಿ. ಇಲ್ಲಾಂದ್ರೆ ಇಲ್ಲ." ತಪ್ಪು ಅವಳದ್ದಲ್ಲ. ಹರೆಯದಲ್ಲಿ ತಾವು ಕೆರೆ ಈಜಿ ದಾಟಿದ್ದನ್ನು ಅವಳಿಗೆ ನೂರು ಸಲ ಹೇಳಿದ್ದವರು ಮಾಸ್ಟರೇ.

ಮಾಸ್ಟರು ಗುಟ್ಟಾಗಿ ಹೋಗಿ ಕೊಳದ ನಿಯಮದ ಬೋರ್ಡು ಓದಿಕೊಂಡು ಬಂದರು. ಮೊಣಕಾಲಿನ ಕೆಳಗೆ ಬಟ್ಟೆ ಇರಕೂಡದು.

"ಊರಿಗೆಲ್ಲ ಕಾಲು ಮುಚ್ಚೋ ಬಟ್ಟೆ ಹೊಲಿದಿದ್ದು ಸಾಕು" ಎಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ. "ನಿಮ್ಮ ಕಾಲು ನೋಡೋಕೆ ಯಾರೂ ಟಿಕೆಟ್ ತಗೊಂಡು ಕಾಯ್ತಿಲ್ಲ."

"ನಿಂಗೆ ಇದೆಲ್ಲ ಅರ್ಥ ಆಗಲ್ಲ."

"ಹೌದಪ್ಪ, ನಂಗೇನು ಗೊತ್ತು" ಎಂದು ಅವಳು ಇನ್ನೊಂದು ಅಂಗಿ ಹರಡಿಕೊಂಡಳು. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳೂ ಅವಳೇ.

ಡಾಕ್ಟರು ಮಾಸ್ಟರ ಮಗಳಷ್ಟು ವಯಸ್ಸಿನ ಹೆಣ್ಣುಮಗಳು. ಯಂತ್ರ ಇಟ್ಟು ಒಳಗಿನ ದೊಡ್ಡ ರಕ್ತನಾಳಗಳನ್ನೆಲ್ಲ ನೋಡಿ, ಅವು ಸರಿಯಾಗಿವೆ ಎಂದರು.

"ಇದು ನರದ ಕಾಯಿಲೆನಾ ಡಾಕ್ಟ್ರೇ?"

"ನರ ಅಲ್ಲ, ರಕ್ತನಾಳ. ಕಾಲಿಂದ ರಕ್ತ ಮೇಲಕ್ಕೆ ಹತ್ತಬೇಕಲ್ಲ, ಮತ್ತೆ ಕೆಳಗಿಳೀದ ಹಾಗೆ ಒಳಗೆ ಪುಟ್ಟ ಪುಟ್ಟ ಬಾಗಿಲು ಇರುತ್ತೆ. ದಿನವಿಡೀ ನಿಂತು, ವಯಸ್ಸಾಗಿ, ಕೆಲವರಿಗೆ ಮನೆತನದಿಂದ, ಆ ಬಾಗಿಲು ಸಡಿಲ ಆಗಿ ಚರ್ಮದ ಹತ್ತಿರದ ಸಣ್ಣ ನಾಳಗಳು ಹಿಗ್ಗುತ್ತೆ. ಜೇಡರ ಬಲೆ ಥರ ಕಾಣುತ್ತೆ ಅಂತ ಸ್ಪೈಡರ್ ವೇನ್ಸ್ ಅಂತೀವಿ. ಅಪಾಯ ಏನಿಲ್ಲ. ಬೇಡಾಂದ್ರೆ ಹಾಗೇ ಬಿಟ್ಬಿಡಬಹುದು."

"ಬೇಡ ಅನ್ನೋ ಮಾತೇ ಇಲ್ಲ" ಎಂದರು ಮಾಸ್ಟರು.

"ಹಾಗಾದ್ರೆ ತೆಳ್ಳಗಿನ ಸೂಜೀಲಿ ಆ ನಾಳಕ್ಕೇ ಔಷಧಿ ಬಿಡ್ತೀನಿ. ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಮುಚ್ಚಿಹೋಗುತ್ತೆ. ರಕ್ತ ಬೇರೆ ದಾರಿ ಹಿಡಿಯುತ್ತೆ, ಮುಚ್ಚಿದ್ದು ಕೆಲವು ವಾರದಲ್ಲಿ ನಿಧಾನವಾಗಿ ಮಾಸುತ್ತೆ. ಮೊದಮೊದಲು ಇನ್ನೂ ಕೆಟ್ಟದಾಗಿ ಕಾಣಬಹುದು. ಒಂದೇ ಸಲಕ್ಕೆ ಮುಗಿಯದೆಯೂ ಇರಬಹುದು."

ಸೂಜಿಯ ಮಾತು ಬಂದದ್ದೇ ಮಾಸ್ಟರಿಗೆ ಧೈರ್ಯ ಬಂತು, ಅದು ಅವರ ಇಲಾಖೆ. ಅಷ್ಟರಲ್ಲಿ ಹೆಂಡತಿ ಕೇಳಿದಳು: "ಸಂಜೆ ಹೊತ್ತಿಗೆ ಕಾಲು ಉರಿಯುತ್ತಲ್ಲ, ಭಾರ ಆಗುತ್ತಲ್ಲ, ಅದೂ ಇದರಿಂದಾನೇನಾ? ಬಾಣಂತನದಲ್ಲಿ ಬಂದಿದ್ದು ತಾನಾಗೇ ಹೋಗಲ್ವಾ?"

ಮಾಸ್ಟರು ನಕ್ಕರು. "ನೋಡಿ ಡಾಕ್ಟ್ರೇ, ನಂಗೆ ಯಾವಾಗ ಬಾಣಂತನ ಮಾಡಿದ್ಲೋ ಗೊತ್ತಿಲ್ಲ."

ಡಾಕ್ಟರು ನಗಲಿಲ್ಲ, ಅವಳನ್ನೇ ನೋಡಿದರು. "ಸುಮ್ನೆ ಕೇಳಿದೆ" ಎಂದಳು ಅವಳು.

ಚುಚ್ಚುಮದ್ದು ಇರುವೆ ಕಚ್ಚಿದಷ್ಟೇ ನೋಯಿತು. ಆಮೇಲೆ ಎರಡು ವಾರ ಹಾಕಿಕೊಳ್ಳಲು ಡಾಕ್ಟರು ಬಿಗಿಯಾದ ಕಾಲುಚೀಲ ಕೊಟ್ಟು, ದಿನಾ ನಡೆಯಿರಿ, ನಿಂತಲ್ಲೇ ನಿಲ್ಲಬೇಡಿ ಎಂದು ಕಳಿಸಿದರು. ಮಾಸ್ಟರು ನಡೆದರು, ಸ್ಟೂಲಿನ ಮೇಲೆ ಕೂತು ಗುಂಡಿಗೆ ಕಾಜಾ ಹಾಕಿದರು, ಎಲ್ಲ ಸರಿ. ಕಾಲುಚೀಲ ಮಾತ್ರ ಅವರ ನಿದ್ದೆ ಕೆಡಿಸಿತು. ಮೀನಖಂಡದ ಹತ್ತಿರ ಹೀಗೆ ಹಿಡಿಯುವ ಬಟ್ಟೆಯನ್ನು ಅವರು ಗಿರಾಕಿಗೆ ಕೊಟ್ಟಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಎರಡನೇ ದಿನ ಅದರ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮೆತ್ತನೆಯ ಪಟ್ಟಿ ಕೂಡಿಸಿ, ಕಾಲಿಗೆ ಹಾಯೆನ್ನುವ ಹಾಗೆ ಹೊಲಿದುಕೊಂಡರು.

ಎರಡು ವಾರ ಕಳೆದು ತೋರಿಸಲು ಹೋದಾಗ ಡಾಕ್ಟರು ಕಾಲುಚೀಲವನ್ನು ಎರಡು ಬೆರಳಲ್ಲಿ ಹಿಡಿದೆಳೆದರು. "ಇದು ಇಷ್ಟು ಸಡಿಲ ಹೇಗಾಯ್ತು?"

"ಅಳತೆ ತಪ್ಪಿತ್ತು ಡಾಕ್ಟ್ರೇ. ಮೀನಖಂಡಕ್ಕೆ ಒಂದೂವರೆ ಇಂಚು ಕೊಟ್ಟೆ. ಹೊಲಿಗೆ ಎಲ್ಲಾದ್ರೂ ಕಾಣುತ್ತಾ ನೋಡಿ."

ಡಾಕ್ಟರು ಹಣೆ ಒತ್ತಿಕೊಂಡರು. "ಹೊಲಿಗೆ ಕಾಣ್ತಿಲ್ಲ. ಆದ್ರೆ ಆ ಬಿಗೀನೇ ಔಷಧಿ ಮಾಸ್ಟ್ರೇ. ಮುಚ್ಚಿದ ನಾಳ ಅದುಮಿ ಇಡೋದಕ್ಕೇ ಅದನ್ನ ಕೊಟ್ಟಿದ್ದು. ಈಗ ಅಲ್ಲಲ್ಲಿ ರಕ್ತ ನಿಂತು ಕಂದು ಕಲೆ ಆಗಿದೆ. ಹೋಗುತ್ತೆ, ಆದ್ರೆ ತಿಂಗಳುಗಟ್ಟಲೆ ಹಿಡಿಯಬಹುದು."

ಈಜಿನ ದಿನಕ್ಕೆ ಉಳಿದಿದ್ದು ಒಂದೇ ತಿಂಗಳು. ಹೆಂಡತಿ ಮನೆ ಸೇರುವವರೆಗೂ ತುಟಿ ಬಿಗಿಹಿಡಿದಿದ್ದು, ಬಾಗಿಲು ಹಾಕಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ದಿನ ಬಂದೇ ಬಂತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾಸ್ಟರು ಈಜುಚಡ್ಡಿ ಹಾಕಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿ ನೋಡಿಕೊಂಡರು. ಹಳೆಯ ನೀಲಿಯ ಜೊತೆಗೆ ಈಗ ಕಂದು ಬೇರೆ. ಸದ್ದಿಲ್ಲದೆ ಪ್ಯಾಂಟು ಏರಿಸಿಕೊಂಡರು. ಹೊರಗೆ ಮಕ್ಕಳು ಒಂದೊಂದಾಗಿ ದಾಟುತ್ತಿದ್ದವು.

ಹೆಂಡತಿ ಬಾಗಿಲ ಹತ್ತಿರ ಬಂದಳು. "ರೀ, ಮುಂದಿನ ಸರದಿ ಪುಟ್ಟೀದು. ಆಗಲೇ ನೀರಲ್ಲಿ ಕಂಬಿ ಹಿಡ್ಕೊಂಡು ಬಾಗಿಲನ್ನೇ ನೋಡ್ತಿದಾಳೆ."

"ಈ ಕಾಲು ಇಟ್ಕೊಂಡು ಅಷ್ಟು ಜನದ ಮುಂದೆ ಬರೋಕೆ ನನ್ನಿಂದಾಗಲ್ಲ ಕಣೇ. ನಾಚಿಕೆಯಾಗುತ್ತೆ."

ಅವಳು ಗೇಲಿ ಮಾಡಲಿಲ್ಲ. ಕೊಳದ ಕಡೆಗೆ ಹೋಗಿ ಚಪ್ಪಲಿ ಬಿಟ್ಟು, ಪುಟ್ಟಿಯ ಪಕ್ಕದಲ್ಲಿ ಅಂಚಿನ ಮೇಲೆ ಕೂತಳು. ಪಾದ ಮುಟ್ಟುವ ನಿಲುವಂಗಿಯನ್ನು ಎಲ್ಲರೆದುರು ಮೊಣಕಾಲಿನವರೆಗೆ ಎತ್ತಿಕೊಂಡು ಎರಡೂ ಕಾಲು ನೀರಿಗಿಳಿಸಿದಳು.

ಮಾಸ್ಟರು ಬಾಗಿಲಲ್ಲಿ ನಿಂತು ನೋಡಿದರು. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒಂದಂಗುಲ ಜಾಗ ಬಿಡದೆ ನೀಲಿ, ನೇರಳೆ, ಕೆಂಪು. ಅವರದ್ದು ಅದರ ಕಾಲು ಭಾಗವೂ ಇರಲಿಲ್ಲ. ಪ್ಯಾಂಟು ಬಿಚ್ಚಿ ಅಲ್ಲೇ ನೆಲಕ್ಕೆ ಹಾಕಿ, ಮಡಿಸುವುದನ್ನೂ ಮರೆತು, ನೇರವಾಗಿ ಬಂದು ನೀರಿಗಿಳಿದರು.

"ಎಷ್ಟೊತ್ತು ತಾತ ನೀನು" ಎಂದು ಬೈದು ಪುಟ್ಟಿ ಕಂಬಿ ಬಿಟ್ಟಳು. ನೀರು ಕುಡಿದಳು, ಕೆಮ್ಮಿದಳು, ಕೈಕಾಲು ಬಡಿದಳು, ಆ ಬದಿ ಮುಟ್ಟಿದಳು. ತಾತನ ಕಾಲನ್ನು ಅವಳು ನೋಡಲೂ ಇಲ್ಲ.

ಮಾಸ್ಟರು ಈಜಿ ವಾಪಸ್ ಬಂದು ಹೆಂಡತಿಯ ಮುಂದೆ ಎದೆಮಟ್ಟದ ನೀರಿನಲ್ಲಿ ನಿಂತರು. "ಯಾವಾಗಿಂದ?"

"ದೊಡ್ಡವಳು ಹುಟ್ಟಿದಾಗಿಂದ."

ದೊಡ್ಡವಳೆಂದರೆ ಪುಟ್ಟಿಯ ತಾಯಿ, ಅವಳಿಗೀಗ ಮೂವತ್ತೆರಡು. "ಒಂದು ಮಾತು ಹೇಳಬಾರದಿತ್ತಾ?"

"ನಿಮ್ಮ ಕಣ್ಣಿಗೆ ಟೇಪು ಬೇಡವಲ್ಲ" ಎಂದಳು ಅವಳು, ನಗುತ್ತಲೇ. "ಇವತ್ತಲ್ಲ ನಾಳೆ ಕಾಣುತ್ತೆ ಅಂದ್ಕೊಂಡೆ."



ಮರುವಾರ ಡಾಕ್ಟರು ಅವಳ ಕಾಲನ್ನೂ ನೋಡಿ, ಮೊದಲು ಕಾಲುಚೀಲಕ್ಕೆ ಅಳತೆ ಬೇಕು ಎಂದರು. ನರ್ಸು ಟೇಪು ತಂದಳು. ಮಾಸ್ಟರು ಅದನ್ನು ಇಸಿದುಕೊಂಡು ನೆಲದ ಮೇಲೆ ಮಂಡಿಯೂರಿದರು.

"ಸಡಿಲ ಗಿಡಿಲ ಮಾಡೀರಿ ಮತ್ತೆ" ಎಂದಳು ಹೆಂಡತಿ ಮೇಲಿನಿಂದ.

"ಇಲ್ಲ. ಎಷ್ಟಿದೆಯೋ ಅಷ್ಟೇ" ಎಂದು ಟೇಪನ್ನು ಮೀನಖಂಡಕ್ಕೆ ಸುತ್ತಿದರು. ಆದರೆ ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಒರೆಸಿಕೊಂಡು, ಇನ್ನೊಮ್ಮೆ ಅಳೆದರು.