ನಾಲ್ಕಡಿ ಮೇಜಿನ ಮೇಲಿನ ಸ್ಟೇಷನ್

ನಾನು ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ಸಾಗವಾನಿ ಮೇಜು. ಹುಬ್ಬಳ್ಳಿಯ ಬಡಿಗರೊಬ್ಬರು ಮಂಚಕ್ಕೆ ಕೊಯ್ದು ಉಳಿದ ಹಲಗೆಗಳಲ್ಲಿ ನನ್ನನ್ನು ಮಾಡಿದರು. ಮೊದಲ ಹತ್ತು ವರ್ಷ ಒಬ್ಬ ಟೇಲರ್‌ನ ಅಂಗಡಿಯಲ್ಲಿ ಇಸ್ತ್ರಿಯ ಬಿಸಿ ತಿಂದೆ. ಅಂಗಡಿ ಮುಚ್ಚಿದಾಗ ನಿವೃತ್ತ ಸ್ಟೇಷನ್ ಮಾಸ್ತರ್ ಗುರುಪಾದಪ್ಪ ನನ್ನನ್ನು ಮನೆಗೆ ತಂದರು.

ಅವರ ಹೆಂಡತಿ ಕಾಶವ್ವನ ಕಣ್ಣು ಮಂಜಾಗುತ್ತಿತ್ತು. ಎರಡು ಮೂರು ವರ್ಷದಲ್ಲಿ ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಇಬ್ಬರೂ ಹನ್ನೊಂದು ವರ್ಷ ಬಾಳಿದ್ದ ಸಣ್ಣ ಸ್ಟೇಷನ್ನು, ಅದರ ಪಕ್ಕದ ಕ್ವಾರ್ಟರ್ಸು, ಹಳಿ ಅಗಲ ಮಾಡುವಾಗ ನೆಲಸಮವಾಗಿದ್ದವು.

"ಕಣ್ಣ ಹೋಗೂದ್ರೊಳಗ ಅದನ್ನ ಒಮ್ಮೆ ನೋಡಬೇಕನಸ್ತೈತ್ರಿ," ಎಂದಳು ಕಾಶವ್ವ.

"ಈ ಮೇಜಿನ ಮ್ಯಾಲ ಕಟ್ಟಿ ತೋರಸ್ತೀನಿ, ತಗೋ," ಎಂದರು ಮಾಸ್ತರು.

ಅವರ ಗೆಳೆಯ, ಹಳೆಯ ಎಂಜಿನ್ ಡ್ರೈವರ್ ಮೌಲಾಸಾಬರಿಗೆ ಮಾದರಿ ರೈಲುಗಳ ಹುಚ್ಚು. ಅವರು ಎರಡು ಅಳತೆಯ ರೈಲು ಡಬ್ಬಿಗಳನ್ನು ತಂದು ನನ್ನ ಮೇಲಿಟ್ಟರು. ಒಂದು, ನಿಜವಾದ ಡಬ್ಬಿಯ ಎಂಬತ್ತೇಳರಲ್ಲಿ ಒಂದು ಪಾಲು, ಗೇಣುದ್ದ. ಇನ್ನೊಂದು ನೂರಾ ಅರವತ್ತರಲ್ಲಿ ಒಂದು ಪಾಲು, ಅದರ ಅರ್ಧದಷ್ಟು. ದೊಡ್ಡದು ತಿರುಗಲು ನನ್ನ ಅಗಲ ಸಾಲದು. ನೇರ ಹಳಿಯ ಮೇಲೆ ಹಿಂದೆ ಮುಂದೆ ಹೋಗಬಹುದಷ್ಟೆ. ಸಣ್ಣದು ಆರಾಮವಾಗಿ ಸುತ್ತು ಹಾಕುತ್ತದೆ.

"ದೊಡ್ಡದ ತಗೋರಿ ಮಾಸ್ತರ. ವೈನಿಯವರ ಕಣ್ಣಿಗೆ ಕಾಣಬೇಕಲ್ರಿ," ಎಂದರು ಮೌಲಾಸಾಬ್.

"ಹಿಂದಮುಂದ ಓಡೂದಕ್ಕ ಶಂಟಿಂಗ್ ಅಂತಾರೋ ಮಾರಾಯಾ. ಗಾಡಿ ಅಂದ್ರ ಸುತ್ತಿ ಬರಬೇಕು."

ಮೂವತ್ತೈದು ವರ್ಷ ಬಾವುಟ ತೋರಿಸಿದವರ ಹಟ ಅದು. ಟೇಪು ಹಿಡಿದು ನನ್ನನ್ನು ನಾಲ್ಕು ಸಲ ಅಳೆದರು. ಹೆಂಡತಿಗೆ ಎಷ್ಟು ಸಣ್ಣದು ಕಾಣುತ್ತದೆಂದು ಒಂದು ಸಲವೂ ಕೇಳಲಿಲ್ಲ. ಆ ವಿಷಯಕ್ಕೆ ನನಗೆ ಅವರ ಮೇಲೆ ಈಗಲೂ ಸಿಟ್ಟಿದೆ. ಸಣ್ಣದೇ ಬಂತು.

ಕಟ್ಟಲು ಎರಡು ವರ್ಷ ಹಿಡಿಯಿತು. ಸಾಸಿವೆ ಕಾಳಿನಷ್ಟು ಹೆಂಚುಗಳನ್ನು ಒಂದೊಂದಾಗಿ ಅಂಟಿಸಿದರು. ಅಷ್ಟರಲ್ಲಿ ಕಾಶವ್ವ ನನ್ನ ಮೂಲೆಗೆ ಸೊಂಟ ತಗಲಿಸಿಕೊಳ್ಳತೊಡಗಿದ್ದಳು. ತಗಲಿದಾಗ ತುಟಿ ಕಚ್ಚಿ ಮುಂದೆ ಹೋಗುತ್ತಿದ್ದಳು. ಆಕೆಯ ಕಣ್ಣು ಹೋದದ್ದು ಆ ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ.

ಎಲ್ಲ ಮುಗಿದ ದಿನ ಮಾಸ್ತರು ಆಕೆಯನ್ನು ನನ್ನೆದುರು ಕೂರಿಸಿ ಸ್ವಿಚ್ಚು ಒತ್ತಿದರು. ರೈಲು ಇನ್ನೂ ಅವರ ಅಂಗೈಯಲ್ಲೇ ಇತ್ತು. ಅದನ್ನು ಹಳಿಗೆ ಇಳಿಸುವ ಮೊದಲೇ, ಸ್ವಿಚ್ಚಿನ ಸದ್ದಿಗೇ, ಕಾಶವ್ವನ ಮುಖ ಅರಳಿತು.

"ಅಯ್ಯ, ಎಷ್ಟ ಛಂದ ಹೊಂಟೈತ್ರೀ! ಅಗದಿ ನಮ್ಮ ಗಾಡಿನ!"

ಮಾಸ್ತರು ಬೀಳುವವರಂತೆ ನನ್ನ ಅಂಚು ಹಿಡಿದುಕೊಂಡರು. ಆಮೇಲೆ ರೈಲನ್ನು ಹಳಿಗಿಳಿಸಿ, "ಹೌದ ನೋಡ, ಈಗ ಸಿಗ್ನಲ್ ದಾಟ್ತು," ಎಂದರು.

ಎಂಟು ತಿಂಗಳು, ದಿನಾ ಸಂಜೆ ಇದೇ ನಡೆಯಿತು. ಗಂಡನ ದುಡಿಮೆ ದಂಡವಾಯಿತೆಂದು ಅವರಿಗೆ ಅನಿಸಬಾರದೆಂದು ಆಕೆ ಕಾಣುತ್ತದೆ ಎನ್ನುತ್ತಿದ್ದಳು. ಅವರು ನಂಬಿದಂತೆ ಇರುತ್ತಿದ್ದರು. ಆಮೇಲೆ ನಾಲ್ಕು ದಿನದ ಜ್ವರದಲ್ಲಿ ಕಾಶವ್ವ ಹೋಗಿಬಿಟ್ಟಳು.

ಮಾಸ್ತರು ನನ್ನನ್ನು ನೋಡಲಾಗದೆ ಮೌಲಾಸಾಬರಿಗೆ ಕೊಟ್ಟರು. ಒಯ್ಯುವ ದಿನ ಬಗ್ಗಿ, ನನ್ನ ಮೇಲಿನ ಪುಟ್ಟ ಕ್ವಾರ್ಟರ್ಸಿನ ಬಾಗಿಲಿನತ್ತ ಬೆರಳು ತೋರಿಸಿದರು.

"ಇಲ್ನೋಡ, ಹಸರ ಸೀರಿ ಉಟ್ಟು ನಿಂತಾಳಲ್ಲ, ನಮ್ಮ ಕಾಶಿ. ತಾನ ನೋಡಿ ನಗ್ತಾಳ ಅಂತ ಹೇಳದ ಮಾಡಿಟ್ಟಿದ್ದೆ."

"ವೈನಿಗೆ ಹೇಳಿದ್ರೇನು?"

"ಹೆಂಗ ಹೇಳ್ಲೋ? ಕಾಣ್ತೈತಿ ಅಂತಿದ್ಲು. ಹೇಳಿದ್ರ, ಕಾಣಂಗಿಲ್ಲ ಅನ್ನೂದು ನನಗ ಗೊತ್ತೈತಿ ಅಂತ ಆಕಿಗೆ ತಿಳೀತಿತ್ತು."

ನಾನೀಗ ಮೌಲಾಸಾಬರ ಹಿತ್ತಿಲ ಕೋಣೆಯಲ್ಲಿದ್ದೇನೆ. ಒಂದು ಕಾಲಿಗೆ ಗೆದ್ದಲು ಹಿಡಿದಿದೆ. ಭತ್ತದ ಕಾಳಿನಷ್ಟು ಎತ್ತರದ ಆ ಹೆಂಗಸು ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ. ತಾನು ಅಲ್ಲಿದ್ದೇನೆಂದು ಕಾಶವ್ವನಿಗೆ ಕೊನೆಗೂ ಗೊತ್ತಾಗಲಿಲ್ಲ.