ಕೆಂಪು ಚುಕ್ಕೆಯವರೆಗೆ

ಬಿಸಿಯಾದ ಧೂಳಿನ ವಾಸನೆ, ಚಿಕ್ಕವಳಿದ್ದಾಗ ಅಪ್ಪನ ರೇಡಿಯೋದ ಬೆನ್ನಿಗೆ ಮೂಗು ತಾಗಿಸಿ ಕೂತರೆ ಬರುತ್ತಿದ್ದದ್ದು, ಅದೇ ವಾಸನೆ ಈಗ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತ, ತೀರಿಹೋದ ಗಂಡನ ಆಂಪ್ಲಿಫೈಯರಿನಿಂದ — ಪ್ಲಗ್ ತೆಗೆದಿದ್ದೇನೆ ತಾನೆ, ತೆಗೆದಿದ್ದಾಳೆ, ಎರಡೆರಡು ಸಲ ನೋಡಿದ್ದಾಳೆ — ಸಂಜೆ ಇದನ್ನೊಯ್ಯಲು ಗುಜರಿಯವನು ಬರುತ್ತಾನೆ, ನಾದಿನಿ ಹೇಳಿಯಾಗಿದೆ, ಅತ್ತಿಗೆ, ಅಣ್ಣನ ನೆನಪು ನನಗೂ ಇದೆ, ಆದ್ರೆ ಹಾಡಿನ ಜೊತೆ ಬರೋ ಈ ಕರಕರಕ್ಕೆ ತಲೆ ಸಿಡಿಯುತ್ತೆ, ನೆನಪಿಗೆ ಗೋಡೆ ಮೇಲೆ ಫೋಟೋ ಇದೆಯಲ್ಲ, ಅದು ಗಲಾಟೆ ಮಾಡಲ್ಲ. ಸಂಜೆಯೊಳಗೆ ಕರಕರ ನಿಂತರೆ ಇರಲಿ, ಇಲ್ಲದಿದ್ದರೆ ಹೊರಡಲಿ, ಅದು ಇಬ್ಬರ ನಡುವಿನ ಮಾತು. ನಿನ್ನೆಯ ಬೆಪ್ಪುತನ ನೆನೆದರೆ ಈಗಲೂ ಕಿವಿ ಬಿಸಿ, ವಾಲ್ಯೂಮ್ ನಾಬಿನ ಬುಡಕ್ಕೆ ಹೊರಗಿನಿಂದಲೇ ಕ್ಲೀನರ್ ಹೊಡೆದದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ನಾದಿನಿ ಬಾಗಿಲಿಗೆ ಒರಗಿ, ಡಾಕ್ಟ್ರಮ್ಮ, ರೋಗಿ ಉಳೀತಾನಾ, ಎಂದದ್ದು. ಉಳಿಯುತ್ತಾನೆ, ಸುಮ್ಮನಿರು. ನಾಬಿನ ಹಿಂದೆ ಪುಟ್ಟ ತಗಡಿನ ಡಬ್ಬಿ, ಡಬ್ಬಿಗೊಂದು ಸೀಳು, ಒಳಗೆ ಕಪ್ಪು ಪಟ್ಟಿ, ಪಟ್ಟಿಯ ಮೇಲೆ ಜಾರುವ ಲೋಹದ ನಾಲಿಗೆ, ಕೊಳೆ ಕೂರುವುದು ಅಲ್ಲಿ — ಟಾರ್ಚ್ ಬಿಡುತ್ತಾಳೆ, ಕನ್ನಡಕ ಹಣೆಗೆ, ಮತ್ತೆ ಮೂಗಿಗೆ, ಅರೆ, ಕೊಳೆ ಪಟ್ಟಿಯಿಡೀ ಇಲ್ಲ, ಶುರುವಿನಲ್ಲಿ ಒಂದಿಷ್ಟಗಲ ಮಾತ್ರ, ಕರಕರವೂ ಅಲ್ಲೇ, ಅದರಾಚೆ ಪಟ್ಟಿ ಹೊಸದರಂತೆ ಹೊಳೆಯುತ್ತಿದೆ, ಯಾರೂ ಕಾಲಿಡದ ಹಾದಿ. ಇಷ್ಟು ವರ್ಷ ನಾಲಿಗೆ ಇಷ್ಟರಲ್ಲೇ ಆಡಿದೆ. ಯಾಕೆ. ಮುಂದುಗಡೆ ಬೆರಳಾಡಿಸುತ್ತಾಳೆ, ನಾಬಿನ ಪಕ್ಕ ಕೆಂಪು ಚುಕ್ಕೆ, ಧೂಳು ಒರೆಸುವಾಗೆಲ್ಲ ಕಂಡದ್ದು, ಕಂಡೂ ಮರೆತದ್ದು, ಉಗುರುಬಣ್ಣದ್ದು, ಗಂಡ ಇಟ್ಟದ್ದು — ನಾದಿನಿ ಆಗ ನರ್ಸು, ರಾತ್ರಿಯೆಲ್ಲ ಆಸ್ಪತ್ರೆ, ಹಗಲು ಪಕ್ಕದ ಕೋಣೆಯಲ್ಲಿ ನಿದ್ದೆ, ಇದರಾಚೆ ತಿರುಗಿಸಬೇಡ ಮಾರಾಯ್ತಿ, ಪಾಪ ಈಗಷ್ಟೇ ಮಲಗಿದ್ದಾಳೆ, ಅವಳ ಪಾಳಿ ಮುಗಿದು ನಿವೃತ್ತಿಯಾದ ಮೇಲೂ ಅವರ ಕೈಗೆ ಅದೇ ಅಭ್ಯಾಸ. ನನ್ನ ಉಗುರುಬಣ್ಣದ ಮುಚ್ಚಳ ಯಾರು ತೆಗೆದಿಟ್ಟಿದ್ದು, ಪೂರ್ತಿ ಒಣಗಿದೆ, ಎಂದು ಅವಳು ಕೂಗಾಡಿದ್ದು, ಅಣ್ಣನ ಮುಖ ಪೇಪರಿನ ಹಿಂದೆ ಇನ್ನಷ್ಟು ಒಳಗೆ ಹೋದದ್ದು. ಸೀಳಿಗೆ ಕ್ಲೀನರಿನ ಕೊಳವೆ ತೂರಿಸಿ ಒಂದೇ ಚೂರು, ಚುಸ್, ಇನ್ನು ತಿರುಗಿಸು, ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ, ಮಣಿಕಟ್ಟು ಬೇಡವೆನ್ನುವವರೆಗೆ, ಕಪ್ಪು ನೀರು ಇಳಿಯುತ್ತದೆ, ಒರೆಸು, ಒಣಗಲಿ, ಅವಸರ ಬೇಡ, ಈಗ ಪ್ಲಗ್, ಈಗ ದೀಪ, ಹಳೆಯ ಕೊಳಲಿನ ಕ್ಯಾಸೆಟ್, ನಾಬು ಮೆಲ್ಲಗೆ, ಉಸಿರು ಕಟ್ಟಿ, ಚುಕ್ಕೆ ಬಂತು, ಚುಕ್ಕೆ ದಾಟಿತು, ಕೊಳಲು ಮಾತ್ರ, ಕೊಳಲು ಮತ್ತು ಊದುವವನ ಉಸಿರು, ಗೆದ್ದೆ, ಗೆದ್ದೆ ಕಣ್ರೀ, ಇನ್ನೂ ತಿರುಗಿಸು, ಆ ಹೊಳೆಯುವ ಹಾದಿಗೆ, ಕಿಟಕಿಯ ಗಾಜು ನಡುಗಲಿ, ಈಗ ಯಾರೂ ಮಲಗಿಲ್ಲ — ಬಾಗಿಲಲ್ಲಿ ನಾದಿನಿ. ಕರಕರ ಎಲ್ಲಿ ಹೋಯ್ತು ಅತ್ತಿಗೆ. ತೊಳೆದೆ. ಈ ಚುಕ್ಕೆ ಏನು, ಈ ಬಣ್ಣ ನಂದಲ್ವಾ. ನಿಂದೇ, ನೀನು ಮಲಗಿದ್ದಾಗ ನಿಮ್ಮಣ್ಣ ಇಟ್ಟ ಗಡಿ, ಒಂದು ದಿನವೂ ದಾಟಲಿಲ್ಲ, ಅಲ್ಲಲ್ಲೇ ಉಜ್ಜಿ ಉಜ್ಜಿ ಆ ಕರಕರ. ನಾದಿನಿ ಬಾಗಿದಳು, ಚುಕ್ಕೆಯನ್ನು ಉಗುರಿನಿಂದ ಮುಟ್ಟಿದಳು, ಗುಜರಿಯವನಿಗೆ ಫೋನು ಮಾಡಿ ಬರೋದು ಬೇಡ ಎಂದಳು, ನಾಬನ್ನು ತಾನೇ ಇನ್ನೊಂದಿಷ್ಟು ಮೇಲಕ್ಕೆ ತಿರುಗಿಸಿ ಒಳಗೆ ಹೋದಳು. ಊಟದ ತಟ್ಟೆ ತಂದು ಕೈಗಿಟ್ಟಳು, ಅತ್ತಿಗೆಯ ಮಸಿಯಾದ ಬೆರಳು ನೋಡಿಕೊಂಡಿದ್ದಳೇನೋ, ಚಮಚ ಹಾಕಿದ್ದಳು, ತಟ್ಟೆಯ ಆವಿಯಾಚೆ ನಾಬು, ನಾಬಿನ ಪಕ್ಕ ಕೆಂಪು ಚುಕ್ಕೆ, ಕೆಂಪು ಚುಕ್ಕೆ.